ಹಳೆಯ ಲಾರಿಯ ಮುಂಭಾಗದ ಜೋಡಣೆ: ಮಲೆನಾಡಿನ ವರ್ಕ್‌ಶಾಪ್‌ಗಳಿಗೊಂದು ಪಾಠ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ವಾಣಿಜ್ಯ ಚರಿತ್ರೆಯನ್ನು ಬರೆಯಹೊರಟವರು ಲಾರಿಯನ್ನು ಬಿಟ್ಟು ಬರೆಯಲಾರರು. ರೈಲು ಶಿವಮೊಗ್ಗದಿಂದ ಸಾಗರವನ್ನು ಹಾದು ತಾಳಗುಪ್ಪದಲ್ಲಿಯೇ ನಿಂತಿತು. ಹೊಸನಗರ ಹಾಗೂ ತೀರ್ಥಹಳ್ಳಿ ಪಟ್ಟಣಗಳು ಇಂದಿಗೂ ರೈಲು ಕಂಡಿಲ್ಲ. ಅಡಿಕೆಯ ಮೂಟೆ, ಭತ್ತ, ಮರದ ದಿಮ್ಮಿ, ಮಂಗಳೂರು ಹೆಂಚು, ಕರಾವಳಿಯ ಉಪ್ಪು, ಇವೆಲ್ಲವೂ ಲಾರಿಯ ಬೆನ್ನೇರಿಯೇ ಘಟ್ಟವನ್ನು ಹತ್ತಿ ಇಳಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಕಾಲಕ್ಕೆ ಈ ರಸ್ತೆಗಳಲ್ಲಿ ಮೂಗು ಮುಂದಕ್ಕೆ ಚಾಚಿದ ಬಾನೆಟ್ ಲಾರಿಗಳದ್ದೇ ಓಡಾಟವಾಗಿತ್ತು.

ಆ ಲಾರಿಗಳಲ್ಲಿ ಅಳಿದುಳಿದವು ಇಂದು ಮಿಲ್ಲಿನ ಹಿತ್ತಲಿನಲ್ಲೋ ತೋಟದ ಕೊಟ್ಟಿಗೆಯ ಪಕ್ಕದಲ್ಲೋ ಬಳ್ಳಿ ಹಬ್ಬಿಸಿಕೊಂಡು ನಿಂತಿವೆ. ಅವುಗಳನ್ನು ಗುಜರಿಗೆ ಹಾಕುವ ಬದಲು ಮತ್ತೆ ರೂಪಕ್ಕೆ ತರಿಸಬೇಕೆಂಬ ಅಪೇಕ್ಷೆ ಕೆಲವು ಮನೆತನಗಳಲ್ಲಿ, ಸಂಗ್ರಾಹಕರಲ್ಲಿ, ಪ್ರವಾಸೋದ್ಯಮದಲ್ಲಿ ತೊಡಗಿರುವವರಲ್ಲಿ ಮೂಡುತ್ತಿದೆ. ಇಂಥ ಕೆಲಸ ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗದೆ ನಮ್ಮ ಮೂರು ತಾಲ್ಲೂಕುಗಳ ಗ್ಯಾರೇಜು, ಲೇತ್, ಟಿಂಕರಿಂಗ್ ಹಾಗೂ ಬಡಗಿ ಕೆಲಸಗಾರರಿಗೇ ದೊರೆಯಬೇಕಾದರೆ ಕೆಲಸದಲ್ಲಿ ಶಿಸ್ತು ಇರಬೇಕು. ಆ ಶಿಸ್ತು ಮೊದಲು ಪರೀಕ್ಷೆಗೊಳಗಾಗುವ ಜಾಗ ಲಾರಿಯ ಮುಂಭಾಗ. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ರೇಡಿಯೇಟರ್, ಮಡ್‌ಗಾರ್ಡ್, ಬಾನೆಟ್, ಜಾಲಿ ಮತ್ತು ಬಂಪರುಗಳನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್, ರಬ್ಬರ್, ಬೋಲ್ಟುಗಳ ಜೋಡಣೆಯನ್ನು ಮಾತ್ರ ವಿವರಿಸಲಾಗಿದೆ.

ಯಾವ ಲಾರಿ ಎಂಬುದನ್ನು ಮೊದಲು ತಿಳಿಯಿರಿ

ನಮ್ಮ ಕಡೆ ಸಿಗುವ ಹಳೆಯ ಲಾರಿಗಳು ಮುಖ್ಯವಾಗಿ ಮೂರು ದೇಶಗಳ ಪರಂಪರೆಗೆ ಸೇರಿದವು. 1945ರಲ್ಲಿ ಸ್ಥಾಪನೆಯಾದ ಟೆಲ್ಕೋ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್–ಬೆಂಜ್ ಸಹಯೋಗದಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ–ಮರ್ಸಿಡಿಸ್ ಲಾರಿಗಳ ತಯಾರಿಕೆಯನ್ನು ಆರಂಭಿಸಿತು. ಆರು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಎಲ್-312 ಅದರ ಮೊದಲ ಮಾದರಿ. ಸಹಯೋಗ 1969ರಲ್ಲಿ ಮುಗಿದ ಬಳಿಕ ಮುಂಭಾಗದ ಮೂರು ಮೊನೆಯ ನಕ್ಷತ್ರದ ಜಾಗಕ್ಕೆ ಟಾಟಾ ಲಾಂಛನ ಬಂದಿತು. ಮದ್ರಾಸಿನ ಎಣ್ಣೂರಿನಿಂದ ಬಂದ ಅಶೋಕ್ ಲೇಲ್ಯಾಂಡ್ ಹಾಗೂ ಹಿಂದುಸ್ತಾನ್ ಮೋಟಾರ್ಸ್‌ನ ಬೆಡ್‌ಫರ್ಡ್ ಬ್ರಿಟಿಷ್ ಮೂಲದವು. ಬೊಂಬಾಯಿಯ ಪ್ರೀಮಿಯರ್ ಸಂಸ್ಥೆಯ ಡಾಡ್ಜ್, ಫಾರ್ಗೋ ಲಾರಿಗಳು ಅಮೆರಿಕನ್ ಮೂಲದವು.

ಈ ವಿಂಗಡಣೆ ಕೇವಲ ಇತಿಹಾಸದ ಕುತೂಹಲವಲ್ಲ. ಬೋಲ್ಟಿನ ಥ್ರೆಡ್ಡು ಇದನ್ನೇ ಅವಲಂಬಿಸಿದೆ. ಜರ್ಮನ್ ಮೂಲದ ವಾಹನಗಳಲ್ಲಿ ಮೆಟ್ರಿಕ್ ಥ್ರೆಡ್ಡು, ಹಳೆಯ ಬ್ರಿಟಿಷ್ ವಾಹನಗಳಲ್ಲಿ ವಿಟ್‌ವರ್ತ್ ಅಥವಾ ಬಿ.ಎಸ್.ಎಫ್., ಅಮೆರಿಕನ್ ವಾಹನಗಳಲ್ಲಿ ಯು.ಎನ್.ಸಿ. ಮತ್ತು ಯು.ಎನ್.ಎಫ್. ಥ್ರೆಡ್ಡು ಇರುವುದು ಸಾಮಾನ್ಯ. ಬ್ರಿಟನ್, ಅಮೆರಿಕ, ಕೆನಡಾಗಳು ಏಕರೂಪದ ಥ್ರೆಡ್ಡಿಗೆ ಒಪ್ಪಿದ್ದು 1948ರಲ್ಲಿ. ಆ ನಂತರವೂ ಹಳೆಯ ಥ್ರೆಡ್ಡು ಬಹುಕಾಲ ಬಳಕೆಯಲ್ಲಿತ್ತಾದ್ದರಿಂದ ಒಂದೇ ಲಾರಿಯಲ್ಲಿ ಎರಡೂ ಬಗೆ ಕಾಣಿಸಿಕೊಳ್ಳಬಹುದು.

ಅರ್ಧ ಅಂಗುಲದ ಬೋಲ್ಟನ್ನು ಉದಾಹರಣೆಯಾಗಿ ನೋಡೋಣ. ಒಂದು ಅಂಗುಲ ಉದ್ದದಲ್ಲಿ ವಿಟ್‌ವರ್ತ್‌ಗೆ 12, ಯು.ಎನ್.ಸಿ.ಗೆ 13, ಬಿ.ಎಸ್.ಎಫ್.ಗೆ 16, ಯು.ಎನ್.ಎಫ್.ಗೆ 20 ಥ್ರೆಡ್ಡುಗಳಿರುತ್ತವೆ. ಇವನ್ನು ಥ್ರೆಡ್ ಗೇಜ್ ಇಟ್ಟು ಸುಲಭವಾಗಿ ಗುರುತಿಸಬಹುದು. ಮೋಸಗೊಳಿಸುವುದು ಮೂರೆಂಟಾಂಶ ಅಂಗುಲದ ಬೋಲ್ಟು. ವಿಟ್‌ವರ್ತ್‌ನಲ್ಲೂ ಯು.ಎನ್.ಸಿ.ಯಲ್ಲೂ ಅದಕ್ಕೆ 16 ಥ್ರೆಡ್ಡೇ. ಆದರೆ ಮೊದಲನೆಯದರ ಕೋನ 55 ಡಿಗ್ರಿ, ಎರಡನೆಯದರದು 60 ಡಿಗ್ರಿ. ನಟ್ಟು ಕೈಯಲ್ಲೇ ಏರುತ್ತದೆ, ಸ್ಪ್ಯಾನರಿಗೂ ಬಿಗಿಯಾಗುತ್ತದೆ. ಆದರೆ ಥ್ರೆಡ್ಡಿನ ಮೈ ಪೂರ್ತಿಯಾಗಿ ಕೂಡಿರುವುದಿಲ್ಲ. ಕಂಪನಕ್ಕೆ ಸಿಕ್ಕಾಗ ಸಡಿಲಗೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದಾಗಲಿ ಶಿವಮೊಗ್ಗದಿಂದಾಗಲಿ ಬೋಲ್ಟು ತರಿಸುವಾಗ ಗಾತ್ರವನ್ನಷ್ಟೇ ಹೇಳಿ ಕಳುಹಿಸದೆ ಮಾದರಿಯ ತುಂಡನ್ನೂ ಜೊತೆಗೆ ಕಳುಹಿಸುವುದು ಕ್ಷೇಮ.

ಬಿಚ್ಚುವ ಮುನ್ನ

ಜೋಡಣೆಯ ಅರ್ಧ ಕೆಲಸ ಬಿಚ್ಚುವಾಗಲೇ ಮುಗಿದಿರಬೇಕು. ಪ್ರತಿಯೊಂದು ಬ್ರಾಕೆಟ್ಟನ್ನು ಎರಡು ಕಡೆಯಿಂದ ಛಾಯಾಚಿತ್ರ ತೆಗೆದು, ಎಡ–ಬಲ ಗುರುತಿಸಿ, ಬೋಲ್ಟುಗಳನ್ನು ಬೇರೆ ಬೇರೆ ಚೀಲಗಳಲ್ಲಿಟ್ಟು ಚೀಟಿ ಕಟ್ಟಬೇಕು. ಬ್ರಾಕೆಟ್ಟಿನ ಕೆಳಗಿರುವ ತೆಳುತಗಡಿನ ಪ್ಯಾಕಿಂಗುಗಳನ್ನು ತುಕ್ಕು ಹಿಡಿದ ಚೂರುಗಳೆಂದು ಎಸೆಯಬಾರದು. ಯಾವ ಬೋಲ್ಟಿನಡಿ ಎಷ್ಟು ತಗಡು, ಒಟ್ಟು ಎಷ್ಟು ದಪ್ಪ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕಾರ್ಖಾನೆಯಲ್ಲಿ ಆ ಚಾಸಿಯ ಏರುಪೇರನ್ನು ಸರಿದೂಗಿಸಲೆಂದೇ ಅವುಗಳನ್ನು ಇಟ್ಟಿರುತ್ತಾರೆ.

ನಮ್ಮ ದೇಶದಲ್ಲಿ ಲಾರಿಗಳು ಹೆಚ್ಚಾಗಿ ಚಾಸಿ ಮತ್ತು ಕೌಲ್ ರೂಪದಲ್ಲಿ ಮಾರಾಟವಾಗುತ್ತಿದ್ದವು. ಚಾಲಕನ ಕ್ಯಾಬಿನ್ನನ್ನೂ ಹಿಂಬದಿಯ ತೊಟ್ಟಿಯನ್ನೂ ಊರಿನ ಬಾಡಿ ಕಟ್ಟುವವರು ಮರದಲ್ಲಿ ಕಟ್ಟಿಕೊಡುತ್ತಿದ್ದರು. ಹೀಗಾಗಿ ಕೌಲಿನಿಂದ ಮುಂದಿನದು ಕಾರ್ಖಾನೆಯ ಅಳತೆ, ಹಿಂದಿನದು ಮೇಸ್ತ್ರಿಯ ಅಳತೆ. ಮುಂಭಾಗವನ್ನು ಹೊಂದಿಸುವಾಗ ಕ್ಯಾಬಿನ್ನಿನ ಬಾಗಿಲನ್ನೋ ಮರದ ಚೌಕಟ್ಟನ್ನೋ ಆಧಾರವಾಗಿ ಹಿಡಿಯದೆ ಕೌಲನ್ನೇ ಆಧಾರವಾಗಿ ಹಿಡಿಯತಕ್ಕದ್ದು.

ಚಾಸಿಯ ಪರೀಕ್ಷೆ

ಬಾಗಿದ ಚಾಸಿಯ ಮೇಲೆ ನೇರವಾದ ಮುಂಭಾಗ ಕೂರುವುದಿಲ್ಲ. ಲಾರಿಯನ್ನು ಸಮತಟ್ಟಾದ ನೆಲದ ಮೇಲೆ ಗಟ್ಟಿಯಾದ ಸ್ಟ್ಯಾಂಡುಗಳಿಗೆ ಏರಿಸಬೇಕು; ಬರೀ ಜಾಕಿಯನ್ನು ನಂಬಿ ಅಡಿಗೆ ಹೋಗಕೂಡದು. ಮುಂದಿನ ಪಟ್ಟಾ ಸ್ಪ್ರಿಂಗುಗಳ ಮುಂದಿನ ಮತ್ತು ಹಿಂದಿನ ಪಿನ್ನುಗಳ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಬೇಕು. ನಾಲ್ಕು ಗುರುತುಗಳಿಂದಾಗುವ ಚೌಕದ ಎರಡು ಕರ್ಣಗಳನ್ನು ಅಳೆಯಬೇಕು. ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಕೆಲಸ ಮುಂದುವರಿಸಬಹುದು. ಮೀರಿದ್ದರೆ ಮೊದಲು ಚಾಸಿಯನ್ನು ನೇರ ಮಾಡಿಸಬೇಕು. ಉದ್ದುದ್ದದ ತೂತು ಕೊರೆದು ಬ್ರಾಕೆಟ್ಟನ್ನು ಹೇಗೋ ಹೊಂದಿಸುವುದು ರೋಗವನ್ನು ಮುಚ್ಚಿಟ್ಟಂತೆ.

ಅಡ್ಡತೊಲೆಗಳನ್ನು ಹಿಡಿದಿರುವ ರಿವೆಟ್ಟುಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಬಿಗಿಯಾದುದು ಗಣಗಣಿಸುತ್ತದೆ, ಸಡಿಲವಾದುದು ಮಂಕಾಗಿ ಸದ್ದು ಮಾಡುತ್ತದೆ. ಅದರ ಸುತ್ತ ಕೆಂಪು ತುಕ್ಕಿನ ಗೆರೆಯೂ ಇಳಿದಿರುತ್ತದೆ. ಸಡಿಲ ರಿವೆಟ್ಟನ್ನು ತೆಗೆದ ಮೇಲೆ ತೂತನ್ನು ರೀಮರಿನಿಂದ ದುಂಡಗೆ ಮಾಡಿ, ಒಂದಿಷ್ಟೂ ಆಡದಂತೆ ಕೂರುವ 8.8 ಅಥವಾ 10.9 ದರ್ಜೆಯ ಬೋಲ್ಟನ್ನು ಹಾಕಬೇಕು. ಉದ್ದತೊಲೆಯ ಮೇಲಿನ ಮತ್ತು ಕೆಳಗಿನ ಮಡಿಕೆಗಳಲ್ಲಿ ಹೊಸ ತೂತು ಕೊರೆಯುವುದು, ವೆಲ್ಡಿಂಗ್ ಮಾಡುವುದು ಎರಡೂ ನಿಷಿದ್ಧ. ಭಾರ ಬಿದ್ದಾಗ ಅತಿಹೆಚ್ಚು ಎಳೆತ ಮತ್ತು ಒತ್ತಡ ಬರುವುದು ಆ ಮಡಿಕೆಗಳಲ್ಲಿಯೇ. ಬಿರುಕು ಹುಟ್ಟುವುದೂ ಅಲ್ಲಿಯೇ.

ರಬ್ಬರಿನ ಮರ್ಮ

ಲಾರಿಯ ಏಣಿಯಾಕಾರದ ಚಾಸಿ ಓಡುವಾಗ ತಿರುಚಿಕೊಳ್ಳುತ್ತದೆ. ಒಂದು ಚಕ್ರ ಹೊಂಡಕ್ಕಿಳಿದು ಇನ್ನೊಂದು ದಿಬ್ಬ ಏರಿದಾಗ ಈ ತಿರುಚು ಬರಿಗಣ್ಣಿಗೂ ಕಾಣುತ್ತದೆ. ಇದು ದೋಷವಲ್ಲ, ಹಾಗೆ ತಿರುಚಲೆಂದೇ ಅದನ್ನು ರೂಪಿಸಿದ್ದಾರೆ. ಆದರೆ ಹಿತ್ತಾಳೆ–ತಾಮ್ರದ ರೇಡಿಯೇಟರ್ ಬೆಸುಗೆಯ ಮೇಲೆ ನಿಂತಿರುವ ವಸ್ತು. ಅದು ತಿರುಚನ್ನು ತಾಳಲಾರದು. ಆದ್ದರಿಂದ ರೇಡಿಯೇಟರಿನ ಚೌಕಟ್ಟಿಗೂ ಅಡ್ಡತೊಲೆಗೂ ನಡುವೆ ರಬ್ಬರ್ ದಿಂಬು ಇರುತ್ತದೆ. ಕೆಲವು ಮಾದರಿಗಳಲ್ಲಿ ಸ್ಪ್ರಿಂಗೂ ಇರುತ್ತದೆ. ಚಾಸಿ ತಿರುಚಿದರೂ ಮುಂಭಾಗ ತನ್ನ ಆಕಾರ ಬಿಡಬಾರದೆಂಬುದೇ ಇದರ ಉದ್ದೇಶ. ಗಟ್ಟಿಯಾಗಿರಲೆಂದು ಈ ಚೌಕಟ್ಟನ್ನು ಚಾಸಿಗೆ ನೇರವಾಗಿ ಬೋಲ್ಟು ಬಿಗಿದರೆ ಅಥವಾ ವೆಲ್ಡ್ ಮಾಡಿದರೆ ಕೆಲವೇ ದಿನಗಳಲ್ಲಿ ಟ್ಯಾಂಕಿನ ಬೆಸುಗೆ ಬಿಟ್ಟು ನೀರು ಸೋರಲಾರಂಭಿಸುತ್ತದೆ. ಮಡ್‌ಗಾರ್ಡಿನ ಅಂಚು ಸೀಳುತ್ತದೆ.

ಹಳೆಯ ಟೈರನ್ನು ಕತ್ತರಿಸಿ ದಿಂಬು ಮಾಡುವ ರೂಢಿ ಎಲ್ಲೆಡೆ ಇದೆ. ತುರ್ತಿಗೆ ಅದು ನಡೆದೀತು. ಪುನರುಜ್ಜೀವನದ ಕೆಲಸಕ್ಕೆ ಸಲ್ಲದು. ಟೈರಿನಲ್ಲಿ ನೂಲಿನ ಅಥವಾ ತಂತಿಯ ಪದರಗಳಿರುವುದರಿಂದ ಅದು ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ಬದಲಾಗಿ ಶೋರ್ ಎ ಮಾಪಕದಲ್ಲಿ 50ರಿಂದ 60ರ ಗಡಸಿನ ರಬ್ಬರಿನಲ್ಲಿ ಅಚ್ಚು ಹಾಕಿಸಬೇಕು. ಸಹಜ ರಬ್ಬರು ಕಂಪನವನ್ನು ಚೆನ್ನಾಗಿ ಹೀರುತ್ತದೆ, ಆದರೆ ಎಣ್ಣೆ ಮತ್ತು ಡೀಸೆಲ್ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ನಿನ ಎಣ್ಣೆ ಜಿನುಗುವ ಜಾಗಕ್ಕೆ ನೈಟ್ರೈಲ್ ಅಥವಾ ನಿಯೋಪ್ರೀನ್ ಉತ್ತಮ. ಯಾವ ರಬ್ಬರಿಗೂ ಗ್ರೀಸ್ ಹಚ್ಚಬಾರದು.

ಇಲ್ಲಿ ಒಂದು ಚಿಕ್ಕ ಭಾಗವನ್ನು ಬಹಳ ಕಡೆ ಕೈಬಿಡುತ್ತಾರೆ. ಅದು ದಿಂಬಿನ ನಡುವೆ ಬೋಲ್ಟಿನ ಸುತ್ತ ಕೂರುವ ಕಬ್ಬಿಣದ ಕೊಳವೆ. ಕೊಳವೆ ಇಲ್ಲದಿದ್ದರೆ ಬೋಲ್ಟು ಬಿಗಿದಷ್ಟೂ ರಬ್ಬರು ಹಿಸುಕಿ ಹೊರಬರುತ್ತದೆ, ಸಡಿಲ ಬಿಟ್ಟರೆ ನಟ್ಟು ಕಳಚುತ್ತದೆ. ಕೊಳವೆ ಇದ್ದಾಗ ಬೋಲ್ಟು ಕೊಳವೆಯ ಮೇಲೆ ಪೂರ್ಣ ಬಿಗಿಯಾಗುತ್ತದೆ, ರಬ್ಬರು ಬೇಕಾದಷ್ಟೇ ಕುಗ್ಗುತ್ತದೆ. ಅದರ ಉದ್ದವನ್ನು ಲೆಕ್ಕ ಹಾಕುವ ಕ್ರಮ ಸರಳ. ಅಡ್ಡತೊಲೆಯ ಮೇಲೆ 20 ಮಿ.ಮೀ., ಕೆಳಗೆ 20 ಮಿ.ಮೀ. ದಪ್ಪದ ದಿಂಬುಗಳಿವೆಯೆಂದು ಭಾವಿಸೋಣ. ಒಟ್ಟು 40 ಮಿ.ಮೀ. ನೂರಕ್ಕೆ 15ರಷ್ಟು ಕುಗ್ಗಿಸಿದರೆ 34 ಮಿ.ಮೀ. ಆಗುತ್ತದೆ. ನಡುವೆ ಇರುವ ತೊಲೆಯ ತಗಡು 6 ಮಿ.ಮೀ. ಆದರೆ ಕೊಳವೆಯ ಉದ್ದ 40 ಮಿ.ಮೀ. ಇರಬೇಕು. ತೊಲೆಯ ತೂತು ಕೊಳವೆಗಿಂತ ದೊಡ್ಡದಾಗಿದ್ದು, ಆ ಸಂದಿಯಲ್ಲಿ ದಿಂಬಿನ ಕಂಠ ಕೂತಿರಬೇಕು. ಲೋಹಕ್ಕೆ ಲೋಹ ತಗುಲಿದರೆ ರಬ್ಬರು ಇದ್ದೂ ಇಲ್ಲದಂತೆ.

ಜೋಡಣೆಯ ಕ್ರಮ

1. ಸ್ಪ್ರಿಂಗ್, ಶ್ಯಾಕಲ್, ಆಕ್ಸಲ್‌ಗಳ ಕೆಲಸವನ್ನು ಮುಗಿಸಿ ಲಾರಿಯನ್ನು ತನ್ನ ಚಕ್ರಗಳ ಮೇಲೆ ನಿಲ್ಲಿಸಬೇಕು. ಸ್ಟ್ಯಾಂಡಿನ ಮೇಲೆ ಹೊಂದಿಸಿದ ಸಂದುಗಳು ಚಕ್ರ ನೆಲಕ್ಕೆ ತಗುಲಿದೊಡನೆ ಬದಲಾಗುತ್ತವೆ.

2. ಎಂಜಿನ್ ಹಾಗೂ ಗೇರ್‌ಬಾಕ್ಸನ್ನು ಹೊಸ ಫೌಂಡೇಶನ್ ರಬ್ಬರುಗಳ ಮೇಲೆ ಕೂರಿಸಬೇಕು. ಫ್ಯಾನಿನ ಸ್ಥಾನವನ್ನು ನಿರ್ಧರಿಸುವುದು ಎಂಜಿನ್ನೇ. ಹಳೆಯ ರಬ್ಬರು ಕುಸಿದ ಎಂಜಿನ್ನಿಗೆ ರೇಡಿಯೇಟರನ್ನು ಹೊಂದಿಸಿದರೆ ಮುಂದೆ ಎರಡನ್ನೂ ಬಿಚ್ಚಬೇಕಾದೀತು.

3. ರೇಡಿಯೇಟರ್ ಚೌಕಟ್ಟನ್ನು ಅಡ್ಡತೊಲೆಯ ಮೇಲಿಟ್ಟು ಬೋಲ್ಟುಗಳನ್ನು ಕೈಬಿಗಿಗೆ ಮಾತ್ರ ಹಾಕಬೇಕು. ಫ್ಯಾನಿನ ಎಲೆಗೂ ರೇಡಿಯೇಟರಿಗೂ ನಡುವೆ 20ರಿಂದ 25 ಮಿ.ಮೀ. ಅಂತರವಿರಲಿ. ಬ್ರೇಕ್ ಹಿಡಿದಾಗ ಎಂಜಿನ್ ರಬ್ಬರಿನ ಮೇಲೆ ಮುಂದಕ್ಕೆ ಜರುಗುತ್ತದೆಂಬುದನ್ನು ಮರೆಯಬಾರದು.

4. ಚೌಕಟ್ಟಿನ ತಲೆಯಿಂದ ಕೌಲಿಗೆ ಹೋಗುವ ಕಂಬಿಗಳನ್ನು, ಅನಂತರ ಎರಡೂ ಮಡ್‌ಗಾರ್ಡುಗಳನ್ನು, ಆಮೇಲೆ ಬಾನೆಟ್ಟನ್ನು, ಕೊನೆಯಲ್ಲಿ ಜಾಲಿಯನ್ನು ಸಡಿಲವಾಗಿಯೇ ಜೋಡಿಸಬೇಕು.

5. ಹೊಂದಾಣಿಕೆಗೆ ಮೂರು ಕೀಲಿಗಳಿವೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಬಾರದು. ಎತ್ತರಕ್ಕೆ ತಗಡಿನ ಪ್ಯಾಕಿಂಗ್. ಹಿಂದು–ಮುಂದಿನ ವಾಲಿಕೆಗೆ ಕೌಲಿನ ಕಂಬಿ. ಎಡ–ಬಲಕ್ಕೆ ಬ್ರಾಕೆಟ್ಟಿನ ಉದ್ದನೆಯ ತೂತು. ಬಾನೆಟ್ಟಿನ ಹಿಂದಂಚು ಮತ್ತು ಕೌಲಿನ ನಡುವಿನ ಸಂದು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಚೌಕಟ್ಟು ಮುಂದಕ್ಕೆ ವಾಲಿದೆಯೆಂದರ್ಥ. ಆಗ ಕಂಬಿಯನ್ನು ಗಿಡ್ಡ ಮಾಡಬೇಕೇ ಹೊರತು ತಗಡನ್ನು ಮುಟ್ಟಬಾರದು.

6. ಸಂದುಗಳೆಲ್ಲ ಒಪ್ಪಿದ ಮೇಲೆ ಕೌಲಿನ ಕಡೆಯಿಂದ ಮುಂದಕ್ಕೆ, ಎಡ ಒಂದು, ಬಲ ಒಂದು ಎಂಬಂತೆ ಬಿಗಿಯುತ್ತ ಬರಬೇಕು. 8.8 ದರ್ಜೆಯ 12 ಮಿ.ಮೀ. ಒಣ ಬೋಲ್ಟಿಗೆ ಸುಮಾರು 80 ನ್ಯೂಟನ್–ಮೀಟರ್, ಅಂದರೆ ಸುಮಾರು 8 ಕಿಲೋಗ್ರಾಂ–ಮೀಟರ್ ಬಿಗಿ ಸಾಮಾನ್ಯವಾಗಿ ಸಾಕು. ಆ ಮಾದರಿಯ ಕೈಪಿಡಿ ದೊರೆತರೆ ಅದರ ಅಂಕಿಯೇ ಪ್ರಮಾಣ. ರಬ್ಬರಿನ ಜಾಗಗಳಲ್ಲಿ ಸೀಳುಪಿನ್ನಿನ ನಟ್ಟನ್ನೋ ನೈಲಾನ್ ಲಾಕ್ ನಟ್ಟನ್ನೋ ಬಳಸಬೇಕು.

7. ಬಂಪರನ್ನೂ ಎಳೆಯುವ ಕೊಕ್ಕೆಯನ್ನೂ ಚಾಸಿಯ ಉದ್ದತೊಲೆಗಳಿಗೆ ನೇರವಾಗಿ ಬಿಗಿಯಬೇಕು; ಮಡ್‌ಗಾರ್ಡಿಗಾಗಲಿ ಜಾಲಿಗಾಗಲಿ ಅದರ ಸಂಬಂಧವಿರಕೂಡದು. ಕೆಸರಿನಲ್ಲಿ ಹೂತ ಲಾರಿಯನ್ನು ಎಳೆಯುವ ಸಂದರ್ಭ ಮಲೆನಾಡಿನಲ್ಲಿ ಬಾರದೆ ಇರದು.

ಈ ಇಡೀ ಜೋಡಣೆಯನ್ನು ಬಣ್ಣ ಬಳಿಯುವ ಮೊದಲೊಮ್ಮೆ ಮಾಡಿ, ಬಿಚ್ಚಿ, ಬಣ್ಣದ ನಂತರ ಮತ್ತೊಮ್ಮೆ ಮಾಡತಕ್ಕದ್ದು. ಎರಡು ಸಲದ ಕೂಲಿ ದುಬಾರಿಯೆನಿಸಬಹುದು. ಬಣ್ಣ ಹೊಡೆದ ಮಡ್‌ಗಾರ್ಡಿಗೆ ಸುತ್ತಿಗೆ ಹಾಕುವುದು ಅದಕ್ಕಿಂತ ದುಬಾರಿ.

ಮೂರು ಪರೀಕ್ಷೆಗಳು

ಮೊದಲನೆಯದು ತಿರುಚಿನ ಪರೀಕ್ಷೆ. ಮುಂದಿನ ಒಂದು ಚಕ್ರವನ್ನು ಸುಮಾರು 150 ಮಿ.ಮೀ. ಎತ್ತರದ ಗಟ್ಟಿ ಮರದ ಹಲಗೆಯ ಮೇಲೆ ಹತ್ತಿಸಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಎಂಜಿನ್ ನಿಲ್ಲಿಸಿ ಸುತ್ತಲೂ ನೋಡಬೇಕು. ಫ್ಯಾನನ್ನು ಕೈಯಿಂದ ತಿರುಗಿಸಿದರೆ ಎಲ್ಲಿಯೂ ತಗುಲಬಾರದು. ಬಾನೆಟ್ ಕಚ್ಚಿಕೊಳ್ಳದೆ ತೆರೆಯಬೇಕು. ಅನಂತರ ಇನ್ನೊಂದು ಚಕ್ರಕ್ಕೂ ಹಾಗೆಯೇ ಮಾಡಬೇಕು. ಹುಲಿಕಲ್ ಘಾಟಿಯ ತಿರುವಿನಲ್ಲಿ ತಿಳಿಯಬೇಕಾದುದನ್ನು ವರ್ಕ್‌ಶಾಪಿನ ಅಂಗಳದಲ್ಲಿಯೇ ತಿಳಿಯುವ ಉಪಾಯವಿದು.

ಎರಡನೆಯದು ವಿದ್ಯುತ್ತಿನದು. ಹೊಸ ರಬ್ಬರು ಮತ್ತು ಹೊಸ ಬಣ್ಣ ಸೇರಿ ಮುಂಭಾಗದ ತಗಡನ್ನು ಚಾಸಿಯಿಂದ ಬೇರ್ಪಡಿಸಿಬಿಡುತ್ತವೆ. ಹೆಡ್‌ಲೈಟಿಗೆ ಅರ್ತ್ ಸಿಗದೆ ಮಂಕಾಗುತ್ತದೆ; ಅಥವಾ ಒಂದು ದೀಪ ಹಾಕಿದರೆ ಇನ್ನೊಂದು ಮಿಣುಕುತ್ತದೆ. ಬಲ್ಬು, ವೈರು ಬದಲಿಸಿ ಪ್ರಯೋಜನವಿಲ್ಲ. ರೇಡಿಯೇಟರ್ ಚೌಕಟ್ಟಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು, ಎರಡೂ ತುದಿಯಲ್ಲಿ ಬಣ್ಣ ಕೆರೆದು ಬಿಗಿದರೆ ಸಾಕು. ಹಳೆಯ ಬ್ರಿಟಿಷ್ ವಾಹನಗಳಲ್ಲಿ ಬ್ಯಾಟರಿಯ ಧನ ತುದಿಯೇ ಅರ್ತ್ ಆಗಿರುವುದುಂಟು. ಅದನ್ನು ಮೊದಲೇ ನೋಡಿಕೊಳ್ಳಬೇಕು.

ಮೂರನೆಯದು ರಸ್ತೆಯ ಪರೀಕ್ಷೆ. ಮೊದಲು 50 ಕಿ.ಮೀ. ಓಡಿಸಿ ಪ್ರತಿಯೊಂದು ಬೋಲ್ಟನ್ನೂ ಮತ್ತೆ ಬಿಗಿಯಬೇಕು, 500 ಕಿ.ಮೀ. ನಂತರ ಇನ್ನೊಮ್ಮೆ. ಎರಡನೆಯ ಸಲ ಬಿಗಿದ ನಟ್ಟಿಗೂ ಬ್ರಾಕೆಟ್ಟಿಗೂ ಸೇರಿಸಿ ಬಣ್ಣದ ಗೆರೆ ಎಳೆದರೆ ಮುಂದೆ ಅದು ತಿರುಗಿದೆಯೇ ಎಂಬುದು ನೋಡಿದೊಡನೆ ತಿಳಿಯುತ್ತದೆ.

ನಮ್ಮ ಮಳೆಗೆ ತಕ್ಕ ರಕ್ಷಣೆ

ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ; ಹುಲಿಕಲ್ ಹೊಸನಗರ ತಾಲ್ಲೂಕಿನಲ್ಲಿದೆ. ಒಣ ಪ್ರದೇಶಗಳ ಕ್ರಮವನ್ನು ಇಲ್ಲಿ ಹಾಗೆಯೇ ಅನುಸರಿಸಲಾಗದು. ತುಕ್ಕು ಹುಟ್ಟುವುದು ಕಾಣುವ ಮೈಯಲ್ಲಲ್ಲ, ಎರಡು ತಗಡು ಕೂಡುವ ಸಂದಿನಲ್ಲಿ. ಆದ್ದರಿಂದ ಬ್ರಾಕೆಟ್ಟಿನ ಕೂಡುಮೈಗಳಿಗೆ ಜೋಡಿಸುವ ಮುನ್ನವೇ ಸತುವಿನ ಅಂಶವುಳ್ಳ ಅಥವಾ ಎಪಾಕ್ಸಿ ಪ್ರೈಮರ್ ಬಳಿಯಬೇಕು. ಮಡ್‌ಗಾರ್ಡಿಗೂ ಕೌಲಿಗೂ ನಡುವೆ ಬೀಡಿಂಗ್ ಪಟ್ಟಿ ಇಡಬೇಕು. ಅಡ್ಡತೊಲೆಯಲ್ಲಿ ನೀರಿಳಿಯಲು ಕಾರ್ಖಾನೆ ಕೊಟ್ಟ ತೂತುಗಳನ್ನು ಪುಟ್ಟಿಯಿಂದ ಮುಚ್ಚಬಾರದು. ಮಳೆಗಾಲ ಮುಗಿದೊಡನೆ ಮಡ್‌ಗಾರ್ಡಿನ ಅಡಿಯ ಕೆಸರನ್ನು ತೊಳೆದು ಒಣಗಿಸುವಂತೆ ಮಾಲೀಕರಿಗೆ ಬರಹದಲ್ಲಿಯೇ ತಿಳಿಸುವುದು ಒಳ್ಳೆಯದು.

ದಾಖಲೆ, ಕಾನೂನು ಮತ್ತು ದರ

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012–13ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಎರಡು ಮಾತುಗಳನ್ನು ಒತ್ತಿ ಹೇಳುತ್ತದೆ. ಮೂಲಭಾಗವನ್ನು ಆದಷ್ಟು ಉಳಿಸಿಕೊಳ್ಳಬೇಕು. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಬೇಕು. ನಮ್ಮ ಲೇತಿನಲ್ಲಿ ಮಾಡಿದ ಹೊಸ ಬ್ರಾಕೆಟ್ಟಿನ ಒಳಮೈಗೆ ವರ್ಷವನ್ನು ಅಚ್ಚೊತ್ತಿದರೆ ಈ ನಿಯಮಕ್ಕೆ ನ್ಯಾಯ ಒದಗುತ್ತದೆ, ವರ್ಕ್‌ಶಾಪಿನ ಹೆಸರೂ ಉಳಿಯುತ್ತದೆ.

ಕಾನೂನಿನ ವಿಷಯದಲ್ಲಿ ಗ್ರಾಹಕರಿಗೆ ಸುಳ್ಳು ಭರವಸೆ ಕೊಡಬಾರದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಿಂಟೇಜ್ ವಾಹನಗಳ ನೋಂದಣಿ ನಿಯಮವು 50 ವರ್ಷ ಮೀರಿದ ದ್ವಿಚಕ್ರ ವಾಹನಗಳಿಗೂ ವೈಯಕ್ತಿಕ ಬಳಕೆಯ ಕಾರುಗಳಂಥ ನಾಲ್ಕು ಚಕ್ರದ ವಾಹನಗಳಿಗೂ ಅನ್ವಯಿಸುತ್ತದೆ. ಸರಕು ಸಾಗಣೆಯ ಲಾರಿ ಆ ವರ್ಗಕ್ಕೆ ಸೇರಿಲ್ಲ. ಹಳೆಯ ಸಾರಿಗೆ ವಾಹನ ರಸ್ತೆಗಿಳಿಯಬೇಕಾದರೆ ನೋಂದಣಿಯೂ ಅರ್ಹತಾ ಪತ್ರವೂ ಇರಲೇಬೇಕು. 15 ವರ್ಷ ಮೀರಿದ ವಾಹನಗಳ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಹೆಚ್ಚಿಸಲಾಯಿತು. ಮೋಟಾರು ವಾಹನಗಳ ಕಾಯಿದೆ 1988ರ 52ನೇ ಕಲಮಿನ ಪ್ರಕಾರ ವಾಹನದ ಮೂಲ ವಿವರಗಳಿಗೆ ಹೊಂದದ ಮಾರ್ಪಾಟು ಮಾಡುವಂತಿಲ್ಲ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲೇ ಮಾಲೀಕರು ದಾಖಲೆಗಳೊಡನೆ ಸಾರಿಗೆ ಕಚೇರಿಯನ್ನು ಕಂಡು, ಲಾರಿ ರಸ್ತೆಗೋ ಪ್ರದರ್ಶನಕ್ಕೋ ಎಂಬುದನ್ನು ನಿರ್ಧರಿಸಿಕೊಳ್ಳಲಿ.

ದರವನ್ನು ಒಟ್ಟು ಮೊತ್ತವಾಗಿ ಬಾಯಿಮಾತಿನಲ್ಲಿ ಹೇಳುವುದು ಇಬ್ಬರಿಗೂ ನಷ್ಟ. ಬಿಚ್ಚುವಿಕೆ ಮತ್ತು ದಾಖಲೆ, ಬಿಡಿಭಾಗಗಳ ಹುಡುಕಾಟ, ಹೊಸದಾಗಿ ಮಾಡಿಸುವ ಭಾಗ, ಮೊದಲ ಜೋಡಣೆ, ಬಣ್ಣದ ನಂತರದ ಜೋಡಣೆ, ಪರೀಕ್ಷೆ ಎಂಬ ಆರು ಬಾಬುಗಳಲ್ಲಿ ಲಿಖಿತ ಅಂದಾಜು ಕೊಟ್ಟು, ಚಾಸಿಯ ಪರೀಕ್ಷೆಯ ಬಳಿಕ ಅದನ್ನು ಪರಿಷ್ಕರಿಸುವ ಹಕ್ಕನ್ನು ಕಾಯ್ದಿರಿಸಿಕೊಳ್ಳಬೇಕು. ಹುಡುಕಾಟಕ್ಕೆ ಕೂಲಿಯಿಲ್ಲವೆಂದು ಬಿಟ್ಟುಕೊಡುವ ಮೇಸ್ತ್ರಿ ಆ ನಷ್ಟವನ್ನು ರಬ್ಬರಿನಲ್ಲೋ ಬೋಲ್ಟಿನಲ್ಲೋ ಉಳಿಸಿಕೊಳ್ಳಲು ನೋಡುತ್ತಾನೆ. ಲಾರಿ ಕೆಡುವುದು ಅಲ್ಲಿಂದಲೇ.

ರಿವೆಟ್ಟನ್ನು ಸದ್ದಿನಿಂದಲೇ ಪರೀಕ್ಷಿಸಬಲ್ಲ, ಕಂಬಿಯ ಒಂದು ಸುತ್ತಿನಿಂದ ಬಾನೆಟ್ಟಿನ ಸಂದನ್ನು ಒಪ್ಪವಾಗಿಸಬಲ್ಲ ಹಿರಿಯ ಮೇಸ್ತ್ರಿಗಳು ನಮ್ಮ ಮೂರೂ ಪಟ್ಟಣಗಳಲ್ಲಿ ಇನ್ನೂ ಇದ್ದಾರೆ. ಅವರ ಕೈಕೆಳಗೆ ಐ.ಟಿ.ಐ. ಮುಗಿಸಿದ ಒಬ್ಬಿಬ್ಬರು ಯುವಕರನ್ನು ನಿಲ್ಲಿಸಿ, ಒಂದು ಲಾರಿಯ ಮುಂಭಾಗವನ್ನು ಮೊದಲಿನಿಂದ ಕೊನೆಯವರೆಗೆ ಜೋಡಿಸಿಸಿ, ಪ್ರತಿ ಹಂತವನ್ನೂ ಬರೆದಿಡಿಸಿದರೆ ಅದೇ ಮುಂದಿನವರಿಗೆ ಪಠ್ಯಪುಸ್ತಕವಾದೀತು. ವರ್ಕ್‌ಶಾಪ್ ಹೊಂದಿರುವ ಸದಸ್ಯರು ಈ ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರಲಾಗಿದೆ.